ಎರಡೇ ಸಾಲು ನೆನಪಿರುವ ಹಳೆಯ ಹಾಡನ್ನು ಹುಡುಕಿ ಉಳಿಸಿಕೊಳ್ಳುವುದು ಹೇಗೆ?

"ಹಾಡಿನ ಎರಡು ಸಾಲು ನೆನಪಿದೆ, ಸಿನಿಮಾ ಯಾವುದು ಗೊತ್ತಿಲ್ಲ. ಹೇಗೆ ಹುಡುಕೋದು?" "ಅಪ್ಪನ ಕ್ಯಾಸೆಟ್‌ಗಳು ಅಟ್ಟದ ಮೇಲಿವೆ, ಮೊಬೈಲಿಗೆ ಹಾಕಿಕೊಳ್ಳೋಕೆ ಆಗುತ್ತಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಪೂರ್ತಿ ದಾರಿಯನ್ನು ಇಲ್ಲಿ ಬರೆದಿದ್ದೇನೆ. 1950ರ ದಶಕದಿಂದ 1990ರ ದಶಕದವರೆಗಿನ ಕನ್ನಡ ಸಿನಿಮಾ ಹಾಡು ಮತ್ತು ಭಾವಗೀತೆಗಳೇ ಇಲ್ಲಿ ಮುಖ್ಯ. ಯಕ್ಷಗಾನ, ಜಾನಪದ, ದಾಸರ ಪದಗಳ ಕ್ಯಾಸೆಟ್ ಇರುವವರಿಗೂ ಇದರಲ್ಲಿ ಹೆಚ್ಚಿನದು ಉಪಯೋಗಕ್ಕೆ ಬರುತ್ತದೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಹಾಡು ಬೇರೆ, ಧ್ವನಿಮುದ್ರಣ ಬೇರೆ. ಒಂದೇ ಹಾಡನ್ನು ಹತ್ತು ಜನ ಹಾಡಿರುತ್ತಾರೆ. ನಮ್ಮ ನಾಡಗೀತೆಯನ್ನೇ ನೋಡಿ. ಕುವೆಂಪು ಬರೆದ ಅದೇ ಪದ್ಯಕ್ಕೆ ಮೈಸೂರು ಅನಂತಸ್ವಾಮಿ ಅವರದು ಒಂದು ಧಾಟಿ, ಸಿ. ಅಶ್ವತ್ಥ್ ಅವರದು ಇನ್ನೊಂದು ಧಾಟಿ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಹೇಳುವವರೆಗೆ ಎರಡೂ ಚಾಲ್ತಿಯಲ್ಲಿದ್ದವು. ನಿಮಗೆ ಬೇಕಾಗಿರುವುದು ನೀವು ಚಿಕ್ಕಂದಿನಲ್ಲಿ ಕೇಳಿದ ಆ ದನಿ, ಆ ವಾದ್ಯ, ಆ ವೇಗ. ಅದು ಸಿಗುವವರೆಗೆ ಹುಡುಕಾಟ ಮುಗಿದಿಲ್ಲ ಅಂತಲೇ ತಿಳಿಯಿರಿ.

ಏನೇನು ಬೇಕು?

ಒಂದು ನೋಟ್‌ಬುಕ್, ಮೊಬೈಲ್, ಕಿವಿಗೆ ಸರಿಯಾಗಿ ಕೂರುವ ಒಂದು ಹೆಡ್‌ಫೋನ್. ಕ್ಯಾಸೆಟ್ ಇದ್ದರೆ ಇನ್ನೂ ಓಡುವ ಒಂದು ಟೇಪ್ ರೆಕಾರ್ಡರ್, ಲ್ಯಾಪ್‌ಟಾಪ್, ಎರಡನ್ನೂ ಸೇರಿಸುವ ಕೇಬಲ್, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಅದೇನು ಅಂತ ಮುಂದೆ ಹೇಳುತ್ತೇನೆ). ದುಬಾರಿ ಸಾಮಾನು ಶುರುವಿನಲ್ಲೇ ಕೊಳ್ಳಬೇಡಿ.

1. ಹುಡುಕುವ ಮೊದಲು ಬರೆದಿಡಿ

ಹೆಚ್ಚಿನವರು ನೇರವಾಗಿ ಯೂಟ್ಯೂಬಿಗೆ ಹೋಗುತ್ತಾರೆ. ಅಲ್ಲಿ ಯಾರೋ ಹೊಸದಾಗಿ ಹಾಡಿದ್ದನ್ನು ನಾಲ್ಕು ಸಲ ಕೇಳಿದ ಮೇಲೆ ಮೂಲ ಹೇಗಿತ್ತು ಅನ್ನೋದೇ ಮಸುಕಾಗುತ್ತದೆ. ಅದಕ್ಕೇ ಮೊದಲು ಬರೆಯಿರಿ.

ನೆನಪಿರುವ ಪದಗಳನ್ನು ತಪ್ಪಿದ್ದರೂ ಹಾಗೇ ಬರೆಯಿರಿ. ಅದು ಪಲ್ಲವಿಯೋ ಚರಣವೋ ಗುರುತು ಹಾಕಿ. ಪಲ್ಲವಿ ಅಂದರೆ ಮತ್ತೆ ಮತ್ತೆ ಮರಳಿ ಬರುವ ಸಾಲು. ಚರಣ ಅಂದರೆ ನಡುವಿನ ನುಡಿ. ಗಂಡು ದನಿಯೋ, ಹೆಣ್ಣು ದನಿಯೋ, ಜೋಡಿ ಹಾಡೋ? ಶುರುವಿನಲ್ಲಿ ಕೊಳಲಿತ್ತಾ, ವಯಲಿನ್ ಇತ್ತಾ, ಮಾತಿತ್ತಾ? ಎಲ್ಲಿ ಕೇಳಿದ್ದು: ರೇಡಿಯೋದಲ್ಲಾ, ಗಣೇಶನ ಪೆಂಡಾಲಿನ ಮೈಕ್‌ಸೆಟ್‌ನಲ್ಲಾ, ಬಸ್ಸಿನಲ್ಲಾ, ದೂರದರ್ಶನದ ಚಿತ್ರಮಂಜರಿಯಲ್ಲಾ? ಆಗ ನೀವು ಎಷ್ಟನೇ ಕ್ಲಾಸು? ಈ ಕೊನೆಯ ಪ್ರಶ್ನೆಯಿಂದ ಸಿಗುವಷ್ಟು ಸುಳಿವು ಬೇರೆ ಯಾವುದರಿಂದಲೂ ಸಿಗಲ್ಲ.

ಮನೆಯ ಹಿರಿಯರನ್ನೂ ಕೇಳಿ. ಆದರೆ "ಯಾವ ಸಿನಿಮಾ?" ಅಂತ ಕೇಳಬೇಡಿ, ಗುನುಗಿ ತೋರಿಸಿ. ಸಿನಿಮಾ ಹೆಸರು ಮರೆತವರಿಗೂ ಮುಂದಿನ ಸಾಲು ತಾನಾಗಿ ಬಾಯಿಗೆ ಬರುತ್ತದೆ.

2. ಕಾಲ ಯಾವುದು ಅಂತ ಅಂದಾಜು ಮಾಡಿ

ದಶಕ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇದಕ್ಕೆ ಕೆಲವು ಗುರುತುಗಳಿವೆ.

ತೆರೆಯ ಮೇಲೆ ರಾಜ್‌ಕುಮಾರ್, ದನಿ ಪಿ.ಬಿ. ಶ್ರೀನಿವಾಸ್ ಅವರದು ಅಂತ ನೆನಪಿದ್ದರೆ ಹಾಡು ಬಹುಪಾಲು 1970ರ ದಶಕದ ನಡುಭಾಗಕ್ಕಿಂತ ಮುಂಚಿನದು. 1974ರ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ರಾಜ್‌ಕುಮಾರ್ ಹಾಡಿದ ಮೇಲೆ ಕ್ರಮೇಣ ತಮ್ಮ ಹಾಡುಗಳನ್ನು ಅವರೇ ಹಾಡತೊಡಗಿದರು. ಹಾಗಾಗಿ ಅವರದೇ ದನಿ ಇದ್ದರೆ ಅಲ್ಲಿಂದೀಚಿನ ಸಿನಿಮಾಗಳಲ್ಲಿ ಹುಡುಕಿ.

ಸಂಗೀತ ಮತ್ತು ಸಾಹಿತ್ಯ ಎರಡಕ್ಕೂ ಹಂಸಲೇಖ ಅವರ ಒಂದೇ ಹೆಸರು ಕೇಳಿದ ನೆನಪಿದೆಯೇ? 1987ರ 'ಪ್ರೇಮಲೋಕ'ದ ನಂತರದ ವರ್ಷಗಳಿಂದ ಶುರು ಮಾಡಿ. ಅದಕ್ಕೂ ಹಿಂದಿನ ಹಾಡುಗಳಲ್ಲಿ ಸಾಮಾನ್ಯವಾಗಿ ಎರಡು ಹೆಸರು ಇರುತ್ತವೆ. ಸಂಗೀತಕ್ಕೆ ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ವಿಜಯಭಾಸ್ಕರ್, ಉಪೇಂದ್ರಕುಮಾರ್, ಎಂ. ರಂಗರಾವ್, ಸಾಹಿತ್ಯಕ್ಕೆ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಗೀತಪ್ರಿಯ. ಇವರಲ್ಲಿ ಒಬ್ಬರ ಹೆಸರು ಗೊತ್ತಿದ್ದರೂ ಅವರು ಕೆಲಸ ಮಾಡಿದ ಚಿತ್ರಗಳ ಪಟ್ಟಿ ತೆಗೆದು, ಒಂದೊಂದೇ ಕೇಳುತ್ತಾ ಹೋಗಬಹುದು. ಇದಕ್ಕೆ ಒಂದೆರಡು ಸಂಜೆ ಹಿಡಿಯುತ್ತದೆ, ಆದರೆ ಮರೆತೇಹೋಗಿದ್ದ ಬೇರೆ ಎಷ್ಟೋ ಹಾಡುಗಳು ದಾರಿಯಲ್ಲಿ ಸಿಗುತ್ತವೆ. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಖುಷಿಯ ಭಾಗ ಇದೇ.

ಭಾವಗೀತೆಯಾದರೆ 1978 ನೆನಪಿಡಿ. ನಿಸಾರ್ ಅಹಮದ್ ಅವರ ಕವಿತೆಗಳ, ಮೈಸೂರು ಅನಂತಸ್ವಾಮಿ ಅವರ ಸಂಗೀತದ 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು ಆಗ. ಮನೆಮನೆಗೆ ಭಾವಗೀತೆ ಕ್ಯಾಸೆಟ್ ರೂಪದಲ್ಲಿ ಬಂದದ್ದು ಅಲ್ಲಿಂದ ಮುಂದೆ. ಅದಕ್ಕೂ ಹಿಂದೆ ಕೇಳಿದ್ದು ಅಂತಾದರೆ ಅದು ರೇಡಿಯೋ ಇರಬೇಕು, ಇಲ್ಲವೇ ಗ್ರಾಮಫೋನ್ ತಟ್ಟೆ.

3. ಹುಡುಕಾಟದ ಪೆಟ್ಟಿಗೆಯಲ್ಲಿ ಏನು ಟೈಪ್ ಮಾಡಬೇಕು?

ಇಲ್ಲೇ ಜಾಸ್ತಿ ಜನ ಸೋಲುವುದು. ಒಂದು ಸಲ ಟೈಪ್ ಮಾಡಿ, ಬರಲಿಲ್ಲ ಅಂತ ಬಿಟ್ಟುಬಿಡುತ್ತಾರೆ.

ಹಾಡಿನ ಆ್ಯಪ್‌ಗಳಲ್ಲಿ ಹಳೆಯ ಕನ್ನಡ ಹಾಡುಗಳ ಹೆಸರು ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿದೆ. ಅದನ್ನು ಬರೆದವರು ಒಂದೇ ಪದ್ಧತಿ ಅನುಸರಿಸಿಲ್ಲ. 'ನೀನು' ಅಂತ ಬರೆಯಲು ಒಬ್ಬರು ಡಬಲ್ 'ಇ' ಹಾಕಿದ್ದಾರೆ, ಇನ್ನೊಬ್ಬರು ಒಂದೇ 'ಐ' ಹಾಕಿದ್ದಾರೆ. 'ಮಾತು' ಪದದ 'ತು'ವಿಗೆ ಕೆಲವರು ಬರೀ 'ಟಿ', ಕೆಲವರು 'ಟಿ' ಪಕ್ಕ 'ಎಚ್'. ಆದ್ದರಿಂದ ಉದ್ದ ಸಾಲು ಟೈಪ್ ಮಾಡಬೇಡಿ. ಗೊಂದಲವಿಲ್ಲದ ಎರಡು ಪದ ಆರಿಸಿ, ಮೂರು ನಾಲ್ಕು ರೀತಿಯಲ್ಲಿ ಬರೆದು ನೋಡಿ. ಆಮೇಲೆ ಅದನ್ನೇ ಕನ್ನಡ ಅಕ್ಷರದಲ್ಲಿ ಹಾಕಿ. ಯೂಟ್ಯೂಬಿನಲ್ಲಿ ಕನ್ನಡ ಅಕ್ಷರದ ಹುಡುಕಾಟಕ್ಕೆ ಬೇರೆಯದೇ ಪಟ್ಟಿ ಬರುತ್ತದೆ.

ನಿಮಗೆ ನೆನಪಿರುವುದು ಚರಣವಾದರೆ ಆ್ಯಪ್‌ಗಿಂತ ಗೂಗಲ್ ವಾಸಿ. ಆ್ಯಪ್‌ನಲ್ಲಿ ಹಾಡಿನ ಹೆಸರು ಅಂದರೆ ಪಲ್ಲವಿಯ ಮೊದಲ ಮೂರ್ನಾಲ್ಕು ಪದ ಅಷ್ಟೆ. ಪೂರ್ತಿ ಸಾಹಿತ್ಯ ಬರೆದಿಟ್ಟ ಪುಟಗಳನ್ನು ಗೂಗಲ್ ಹುಡುಕಿಕೊಡುತ್ತದೆ. ಸಾಲಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿದರೆ ಅದೇ ಸಾಲು ಇರುವ ಪುಟಗಳಷ್ಟೇ ಬರುತ್ತವೆ. ಪದ ಖಚಿತವಿಲ್ಲದಿದ್ದರೆ ಚಿಹ್ನೆ ಬೇಡ.

ಪದ ಒಂದೂ ನೆನಪಿಲ್ಲ, ಧಾಟಿ ಮಾತ್ರ ಇದೆಯೇ? ಗೂಗಲ್ ಆ್ಯಪ್‌ನಲ್ಲಿ ಮೈಕ್ ಒತ್ತಿ, ಹಾಡು ಹುಡುಕುವ ಆಯ್ಕೆ ಆರಿಸಿ, 10-15 ಸೆಕೆಂಡ್ ಗುನುಗಿ. ಈ ಸೌಲಭ್ಯ 2020ರಿಂದ ಇದೆ. ಜನಪ್ರಿಯ ಹಾಡಾದರೆ ಸಿಗುವ ಸಂಭವ ಚೆನ್ನಾಗಿದೆ. ಶಜಾಮ್ ಇದಕ್ಕೆ ಆಗಲ್ಲ. ಅದು ಓಡುತ್ತಿರುವ ಧ್ವನಿಮುದ್ರಣವನ್ನು ಗುರುತಿಸಲು ಮಾಡಿರುವಂಥದ್ದು. ಹೋಟೆಲಿನಲ್ಲೋ ಬಸ್ಸಿನಲ್ಲೋ ಹಾಡು ಕಿವಿಗೆ ಬಿದ್ದಾಗ ಅದನ್ನು ಬಳಸಿ.

ಸಾಮಾನ್ಯವಾಗಿ ಎಡವುವ ಮೂರು ಕಡೆ ಹೇಳುತ್ತೇನೆ.

ಒಂದೇ ಹೆಸರಿನ ಸಿನಿಮಾಗಳು. 'ನಾಗರಹಾವು' ಅಂದರೆ 1972ರದ್ದೂ ಇದೆ, 2016ರದ್ದೂ ಇದೆ. 'ಗಂಧದ ಗುಡಿ' 1973ರಲ್ಲಿ ಬಂತು, ಎರಡನೇ ಭಾಗ 1994ರಲ್ಲಿ, ಅದೇ ಹೆಸರಿನ ಸಾಕ್ಷ್ಯಚಿತ್ರ 2022ರಲ್ಲಿ. ಸಿನಿಮಾ ಹೆಸರಿನ ಜೊತೆ ವರ್ಷವನ್ನೋ ನಟರ ಹೆಸರನ್ನೋ ಸೇರಿಸಿ.

ಕವಿತೆಯ ಹೆಸರು ಮತ್ತು ಮೊದಲ ಸಾಲು ಬೇರೆ ಇರುವುದು. ಕುವೆಂಪು ಅವರ 'ಓ ನನ್ನ ಚೇತನ' ಎಲ್ಲರ ಬಾಯಲ್ಲೂ ಇದೆ, ಆದರೆ ಕವಿತೆಯ ಹೆಸರು 'ಅನಿಕೇತನ'. ಕ್ಯಾಸೆಟ್ಟಿನ ಚೀಟಿಯಲ್ಲಿ ಎರಡರಲ್ಲಿ ಯಾವುದು ಬೇಕಾದರೂ ಇರಬಹುದು.

ಕಾವ್ಯನಾಮ. ಬೇಂದ್ರೆ ಅಂತ ಹುಡುಕಿದಾಗ ಬರದಿದ್ದರೆ ಅಂಬಿಕಾತನಯದತ್ತ ಅಂತ ಹುಡುಕಿ.

4. ಸಿಕ್ಕಿದ್ದು ಮೂಲವೇನಾ?

ಹಾಡು ಬಂತು. ಈಗ ಹೆಡ್‌ಫೋನ್ ಹಾಕಿಕೊಂಡು ನಿಮ್ಮ ನೋಟ್‌ಬುಕ್ ತೆರೆಯಿರಿ.

ಶುರುವಿನ ವಾದ್ಯ ನೀವು ಬರೆದದ್ದಕ್ಕೆ ಹೊಂದುತ್ತದಾ? ದನಿ ಅದೇನಾ? ಹಳೆಯ ಹಾಡುಗಳನ್ನು ಬೇರೆ ಗಾಯಕರಿಂದ ಮತ್ತೆ ಹಾಡಿಸಿ ಕ್ಯಾಸೆಟ್ ಮಾಡಿದ್ದು ಉಂಟು. ಮೂಲದ ಮೇಲೆಯೇ ಹೊಸ ತಾಳ ಸೇರಿಸಿ ಬಿಟ್ಟದ್ದೂ ಉಂಟು. ಈಗ ಟಿವಿ ಸ್ಪರ್ಧೆಯ ಗಾಯನ, ಕರೋಕೆ, ಲೋ-ಫೈ ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಲೋ-ಫೈ ಅಂದರೆ ಹಾಡನ್ನು ನಿಧಾನ ಮಾಡಿ, ಮೆತ್ತಗಿನ ತಾಳ ಸೇರಿಸಿದ್ದು. ಕೇಳಲಿಕ್ಕೆ ಹಿತವಾಗಿರಬಹುದು. ಆದರೆ ಮೂಲ ಹಾಡಿನ ವೇಗ ಅದರಲ್ಲಿ ಇರುವುದಿಲ್ಲ.

ಪಿ. ಕಾಳಿಂಗರಾವ್ ಅವರ ಹಾಡು ಹುಡುಕುವವರಿಗೆ ಒಂದು ಗುರುತು: ಅವರ ಜೊತೆ ಮೋಹನಕುಮಾರಿ, ಸೋಹನಕುಮಾರಿ ಅವರ ದನಿಯೂ ಎಷ್ಟೋ ಹಾಡುಗಳಲ್ಲಿ ಇದೆ. ಆ ಹೆಣ್ಣು ದನಿಗಳು ನಿಮ್ಮ ನೆನಪಿನಲ್ಲಿದ್ದು, ಸಿಕ್ಕ ಹಾಡಿನಲ್ಲಿ ಇಲ್ಲ ಅಂದರೆ ಇನ್ನೂ ಹುಡುಕಿ.

ಹಾಡಿನ ಉದ್ದವನ್ನೂ ನೋಡಿ. 78 ಆರ್‌ಪಿಎಂ ತಟ್ಟೆ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಉದ್ದ ಹಾಡನ್ನು ಕತ್ತರಿಸುತ್ತಿದ್ದರು, ಇಲ್ಲವೇ ಎರಡೂ ಬದಿಗೆ ಹಂಚುತ್ತಿದ್ದರು. ಥಿಯೇಟರಿನಲ್ಲಿ ಕೇಳಿದ ಒಂದು ಚರಣ ಆಡಿಯೋದಲ್ಲಿ ಇಲ್ಲ ಅಂದರೆ ನಿಮ್ಮ ನೆನಪು ತಪ್ಪು ಅಂತ ಆಗಬೇಕಿಲ್ಲ. ಸಿನಿಮಾದ ವಿಡಿಯೋ ತೆಗೆದು ನೋಡಿ.

ಆ್ಯಪ್ ತೋರಿಸುವ ವರ್ಷವನ್ನು ನಂಬಬೇಡಿ. 1970ರ ದಶಕದ ಹಾಡಿನ ಕೆಳಗೆ 2014 ಅಂತ ಇರುತ್ತದೆ. ಅದು ಅವರು ಆ್ಯಪ್‌ಗೆ ಹಾಕಿದ ವರ್ಷ. ಗಾಯಕರ ಹೆಸರೂ ಎಷ್ಟೋ ಕಡೆ ತಪ್ಪಿದೆ. ಮನೆಯಲ್ಲಿ ಹಳೆಯ ಸಿನಿಮಾ ಹಾಡಿನ ಪುಸ್ತಕ ಉಳಿದಿದ್ದರೆ ಅದು ಚಿನ್ನ. ಥಿಯೇಟರಿನ ಹೊರಗೆ ಮಾರುತ್ತಿದ್ದರಲ್ಲ, ಅರ್ಧ ಕಥೆ ಹೇಳಿ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ" ಅಂತ ನಿಲ್ಲಿಸುತ್ತಿದ್ದ ತೆಳು ಪುಸ್ತಕ, ಅದೇ. ಸಾಹಿತ್ಯ, ಸಂಗೀತ, ಗಾಯಕರ ಹೆಸರು ಮೂರೂ ಅದರಲ್ಲಿ ಸಿಗುತ್ತವೆ.

5. ಆ್ಯಪ್‌ನಲ್ಲಿ ಇಲ್ಲದಿದ್ದರೆ

ಆ್ಯಪ್‌ನಲ್ಲಿ ಇಲ್ಲ ಅಂದರೆ ಹಾಡೇ ಇಲ್ಲ ಅಂತಲ್ಲ. ಎಷ್ಟೋ ಹಾಡುಗಳ ಹಕ್ಕು ಯಾರ ಬಳಿ ಇದೆ ಅನ್ನೋದೇ ಇತ್ಯರ್ಥವಾಗಿಲ್ಲ, ಅದಕ್ಕೆ ಬಂದಿಲ್ಲ.

ರೇಡಿಯೋ ಮರೆಯಬೇಡಿ. ವಿವಿಧ ಭಾರತಿ ಬೆಂಗಳೂರಿನಲ್ಲಿ ಎಫ್‌ಎಂ 102.9ರಲ್ಲಿ ಬರುತ್ತದೆ. ಊರಿಂದ ದೂರ ಇರುವವರು ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಕನ್ನಡದ ಆಕಾಶವಾಣಿ ಕೇಂದ್ರಗಳನ್ನು ಕೇಳಬಹುದು. ಕೋರಿಕೆ ಕಾರ್ಯಕ್ರಮಕ್ಕೆ ನಿಮ್ಮ ಹಾಡು ಬರೆದು ಕಳಿಸಿ. ಆಕಾಶವಾಣಿ ತನ್ನ ಸ್ಟುಡಿಯೋದಲ್ಲೇ ಮುದ್ರಿಸಿದ ಎಷ್ಟೋ ಭಾವಗೀತೆಗಳು ಕ್ಯಾಸೆಟ್ ಆಗಿ ಅಂಗಡಿಗೆ ಬಂದೇ ಇಲ್ಲ. ತಟ್ಟೆಗಳ ಕಾಲದ ಹಾಡಾದರೆ ಹಳೆಯ ಪುಸ್ತಕ, ಧ್ವನಿಮುದ್ರಣಗಳನ್ನು ಕೂಡಿಟ್ಟಿರುವ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲೂ ಒಮ್ಮೆ ನೋಡಿ.

6. ಮನೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು

ಡಬ್ಬ ಕೆಳಗಿಳಿಸಿದ ಕೂಡಲೇ ಸಿಕ್ಕಿದ್ದನ್ನು ಟೇಪ್ ರೆಕಾರ್ಡರಿಗೆ ತುರುಕಬೇಡಿ. ಮೊದಲು ವಿಂಗಡಿಸಿ. ಮನೆಯವರ ದನಿ ಇರುವ ಕ್ಯಾಸೆಟ್ ಮೊದಲು: ಅಜ್ಜಿಯ ಹಸೆಹಾಡು, ಊರಿನ ಯಕ್ಷಗಾನ, ಮದುವೆಯ ದಿನ ಮುದ್ರಿಸಿದ್ದು. ಇವು ಲೋಕದಲ್ಲಿ ಒಂದೇ ಪ್ರತಿ ಇರುವಂಥವು. ರೇಡಿಯೋದಿಂದ ಮುದ್ರಿಸಿಕೊಂಡದ್ದು ಎರಡನೆಯದು. ಅಂಗಡಿಯಲ್ಲಿ ಕೊಂಡದ್ದು ಕೊನೆಗೆ.

ಪ್ರತಿ ಕ್ಯಾಸೆಟ್ಟನ್ನೂ ಬೆಳಕಿಗೆ ಹಿಡಿದು ನೋಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ರೀಲಿನ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಅದು ಬೂಷ್ಟು. ಅದನ್ನು ಓಡಿಸಿದರೆ ಟೇಪ್ ರೆಕಾರ್ಡರಿನ ಹೆಡ್‌ಗೆ, ಅಂದರೆ ರೀಲಿನಿಂದ ಶಬ್ದ ಓದುವ ಭಾಗಕ್ಕೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥವನ್ನು ಬೇರೆ ಚೀಲದಲ್ಲಿ ಇಡಿ, ಬೆಲೆಬಾಳುವಂಥದ್ದಾದರೆ ಈ ಕೆಲಸ ಬಲ್ಲವರಿಗೆ ಕೊಡಿ.

ರೀಲಿನ ತೆರೆದ ಭಾಗದ ನಡುವೆ ಒಂದು ಪುಟ್ಟ ಸ್ಪಂಜಿನ ತುಂಡು ಇರಬೇಕು. ರೀಲನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ಶಬ್ದ ಮಂಕಾಗಿ, ಏರಿಳಿಯುತ್ತದೆ. ಸ್ಕ್ರೂ ಇರುವ ಒಳ್ಳೆಯ ಖಾಲಿ ಕ್ಯಾಸೆಟ್ ತೆಗೆದುಕೊಂಡು, ರೀಲಿನ ಎರಡೂ ಉಂಡೆಗಳನ್ನು ಅದರ ಹೊಟ್ಟೆಗೆ ವರ್ಗಾಯಿಸಿ. ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ. ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ, ರೀಲು ಯಾವ ಗಾಲಿಯ ಮೇಲೆ ಹಾಯುತ್ತದೆ ಅನ್ನೋದು ಗೊತ್ತಿರಲಿ.

ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಈಗಲೇ ಮುರಿದುಬಿಡಿ. ಅವು ಇದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದಾಗ ಹಳೆಯದು ಅಳಿಸಿಹೋಗುತ್ತದೆ.

ಇನ್ನು ಯಂತ್ರ. ಹತ್ತಿಯ ಕಡ್ಡಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಪಕ್ಕದ ರಬ್ಬರ್ ಗಾಲಿಗೆ ಒದ್ದೆ ಬಟ್ಟೆ ಸಾಕು. ಹತ್ತಿಪ್ಪತ್ತು ವರ್ಷ ಓಡದ ಯಂತ್ರದ ಬೆಲ್ಟ್ ಸಡಿಲಾಗಿರುತ್ತದೆ ಅಥವಾ ಅಂಟಂಟಾಗಿರುತ್ತದೆ. ಮೊದಲು ಬೇಡದ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಬೆಲ್ಟ್, ಕೇಬಲ್ ವಿಚಾರಿಸಿ. ಬೇರೆ ಊರುಗಳಲ್ಲಿ ಹಳೆಯ ರೇಡಿಯೋ ರಿಪೇರಿಯವರನ್ನು ಕೇಳಿ. ನೇರ ಕಂಪ್ಯೂಟರಿಗೆ ಚುಚ್ಚುವ ಅಗ್ಗದ ಪುಟ್ಟ ಕ್ಯಾಸೆಟ್ ಪ್ಲೇಯರ್‌ಗಳು ಸಿಗುತ್ತವೆ. ಅವುಗಳಲ್ಲಿ ವೇಗ ಅಲುಗಾಡುವುದು ಜಾಸ್ತಿ, ಎಳೆದು ಹಾಡುವ ಸ್ವರ ನಡುಗುತ್ತದೆ. ಹಳೆಯ ಒಳ್ಳೆಯ ಟೇಪ್ ಡೆಕ್ ಒಂದನ್ನು ರಿಪೇರಿ ಮಾಡಿಸುವುದೇ ಮೇಲು.

ಮುದ್ರಿಸುವ ಕ್ರಮ ಹೀಗೆ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಬಿಗಿದು ಕೂತ ರೀಲು ಸಡಿಲಾಗುತ್ತದೆ. ಡೆಕ್‌ನಲ್ಲಿ ಶಬ್ದ ಹೊರಬರುವ ಲೈನ್ ಔಟ್ ತೂತಿನಿಂದ, ಅದಿಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್‌ಗೆ ಕೇಬಲ್ ಹಾಕಿ. ಇಂಟರ್‌ಫೇಸ್ ಅಂದರೆ ಹೊರಗಿನ ಶಬ್ದವನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬದಲಿಸುವ ಪುಟ್ಟ ಡಬ್ಬಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಹಾಕಿದರೆ ಶಬ್ದ ಒಡೆಯುತ್ತದೆ. ಸ್ಪೀಕರಿನ ಎದುರು ಮೊಬೈಲ್ ಇಟ್ಟು ಮುದ್ರಿಸುವುದಂತೂ ಬೇಡವೇ ಬೇಡ.

ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಹಾಕಿಕೊಳ್ಳಿ, ಅದು ಶಬ್ದ ಮುದ್ರಿಸಿ ತಿದ್ದುವ ಉಚಿತ ತಂತ್ರಾಂಶ. ಅದರಲ್ಲಿ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಶಬ್ದ ಅಳೆಯಬೇಕು ಅನ್ನೋದು, 44,100 ಹರ್ಟ್ಸ್ ಸಾಕು. ಅತಿ ಜೋರಾದ ಕಡೆಯೂ ಮೀಟರಿನ ಮುಳ್ಳು ಮೈನಸ್ 6 ಡೆಸಿಬಲ್ ಸುತ್ತ ಇರಲಿ. ಸೊನ್ನೆ ಮುಟ್ಟಿದರೆ ಶಬ್ದ ಒಡೆದು ಹೋಗುತ್ತದೆ, ಆಮೇಲೆ ಸರಿಮಾಡಲು ಬರುವುದಿಲ್ಲ. ಒಂದು ಸೈಡ್ ಪೂರ್ತಿ ಒಂದೇ ಫೈಲ್ ಆಗಿ ಮುದ್ರಿಸಿ, ವೇವ್ ಅಥವಾ ಫ್ಲ್ಯಾಕ್ ಆಗಿ ಉಳಿಸಿ. ಇವೆರಡೂ ಶಬ್ದದಲ್ಲಿ ಏನನ್ನೂ ಕಳೆಯದ ಫೈಲುಗಳು. ಎಂಪಿ3 ಚಿಕ್ಕದಾಗಲು ಸ್ವಲ್ಪ ಶಬ್ದ ಬಿಟ್ಟುಕೊಡುತ್ತದೆ. ಮೊಬೈಲಿಗೆ ಅದನ್ನು ಬೇರೆ ಪ್ರತಿಯಾಗಿ ಮಾಡಿಕೊಳ್ಳಿ.

ವೇಗ ಸರಿ ಇದೆಯಾ ಅಂತ ನೋಡಲು ಸುಲಭ ಉಪಾಯ: ಅದೇ ಕ್ಯಾಸೆಟ್ಟಿನ ಯಾವುದಾದರೂ ಒಂದು ಹಾಡು ಆ್ಯಪ್‌ನಲ್ಲಿ ಇರುತ್ತದಲ್ಲ, ಎರಡರ ಉದ್ದ ಹೋಲಿಸಿ. ಆ್ಯಪ್‌ನಲ್ಲಿ 240 ಸೆಕೆಂಡ್, ನಿಮ್ಮದರಲ್ಲಿ 250 ಸೆಕೆಂಡ್ ಬಂದರೆ ನಿಮ್ಮ ಯಂತ್ರ ಸುಮಾರು ಶೇ. 4ರಷ್ಟು ನಿಧಾನ. ಆಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯಲ್ಲಿ ಅಷ್ಟು ಏರಿಸಿ. ಬರೀ ಟೆಂಪೋ ಬದಲಿಸಿದರೆ ಶ್ರುತಿ ಕೆಳಗೇ ಉಳಿಯುತ್ತದೆ.

ಗೊರಗೊರ ಶಬ್ದ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಹಾಡಿಲ್ಲದ ಜಾಗದ ಎರಡು ಸೆಕೆಂಡ್ ಮಾದರಿಯಾಗಿ ಕೊಟ್ಟರೆ ಆಡಾಸಿಟಿ ಅದನ್ನು ಎಲ್ಲ ಕಡೆಯಿಂದ ತೆಗೆಯುತ್ತದೆ. ಕೈ ಬಿಗಿ ಹಿಡಿಯಿರಿ. ಜಾಸ್ತಿ ತೆಗೆದರೆ ತಾಳದ ಝಣಕು, ಗಾಯಕರ ಉಸಿರು ಎಲ್ಲ ಹೋಗಿ ದನಿ ನೀರಿನೊಳಗಿಂದ ಬಂದ ಹಾಗಿರುತ್ತದೆ. ಸ್ವಲ್ಪ ಗೊರಗೊರ ಇದ್ದರೂ ಪೂರ್ತಿ ದನಿ ಇರುವುದೇ ಒಳ್ಳೆಯದು. ಏನೇ ಮಾಡಿದರೂ ಮೊದಲು ಮುದ್ರಿಸಿದ ಫೈಲನ್ನು ಮುಟ್ಟಬೇಡಿ, ಪ್ರತಿಯ ಮೇಲೆ ಮಾಡಿ.

7. ತಟ್ಟೆಗಳಿದ್ದರೆ

ಮನೆಯಲ್ಲಿ ಗ್ರಾಮಫೋನ್ ತಟ್ಟೆ ಇದ್ದವರಿಗೆ ಎರಡೇ ಎಚ್ಚರಿಕೆ. 78ರ ತಟ್ಟೆಗೆ ಅಗಲ ಮುಳ್ಳು ಬೇಕು, ಎಲ್‌ಪಿಗೆ, ಅಂದರೆ ನಿಧಾನ ತಿರುಗಿ ಹೆಚ್ಚು ಹೊತ್ತು ಓಡುವ ತಟ್ಟೆಗೆ, ಸಣ್ಣ ಮುಳ್ಳು. ಹಳೆಯ ಉಕ್ಕಿನ ಮುಳ್ಳನ್ನು ಎಲ್‌ಪಿ ಮೇಲೆ ಇಟ್ಟರೆ ತಟ್ಟೆ ಹಾಳಾಗುತ್ತದೆ. ಎರಡನೆಯದು, 78ರ ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಬೇಡಿ. ಅದನ್ನು ಮಾಡಿರುವುದು ಅರಗಿನ ಜಾತಿಯ ಪದಾರ್ಥದಿಂದ, ಸ್ಪಿರಿಟ್‌ನಲ್ಲಿ ಅದು ಕರಗುತ್ತದೆ.

8. ಹೆಸರು, ಹಕ್ಕು, ಜಾಗ

ಫೈಲಿಗೆ ಹೆಸರಿಡಲು ಒಂದೇ ಕ್ರಮ ಇಟ್ಟುಕೊಳ್ಳಿ: ಹಾಡಿನ ಮೊದಲ ಸಾಲು, ಸಿನಿಮಾ ಅಥವಾ ಕ್ಯಾಸೆಟ್ ಹೆಸರು, ವರ್ಷ, ಗಾಯಕರು, ಸಾಹಿತ್ಯ, ಸಂಗೀತ. ಸಾಹಿತ್ಯ ಬರೆದವರ ಹೆಸರನ್ನು ಆ್ಯಪ್‌ಗಳು ಬಿಟ್ಟುಬಿಡುತ್ತವೆ, ನೀವು ಬಿಡಬೇಡಿ. ಕ್ಯಾಸೆಟ್ಟಿನ ಚೀಟಿಯ ಎರಡೂ ಬದಿಯ ಫೋಟೋ ಅದೇ ಫೋಲ್ಡರಿನಲ್ಲಿರಲಿ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಅಣ್ಣನ ಬಳಿಯೋ ಮಗಳ ಬಳಿಯೋ. ಆ್ಯಪ್‌ನ ಪ್ಲೇಲಿಸ್ಟ್ ಪ್ರತಿ ಅಲ್ಲ. ಪರವಾನಗಿ ಮುಗಿದ ದಿನ ಹಾಡು ಅಲ್ಲಿಂದ ಮಾಯವಾಗುತ್ತದೆ.

ನೀವೇ ಕೇಳಲು ನಿಮ್ಮ ಕ್ಯಾಸೆಟ್ಟಿನಿಂದ ಪ್ರತಿ ಮಾಡಿಕೊಳ್ಳುವುದಕ್ಕೂ ಅದನ್ನು ಯೂಟ್ಯೂಬಿಗೆ ಏರಿಸುವುದಕ್ಕೂ ವ್ಯತ್ಯಾಸವಿದೆ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕು ಅದನ್ನು ಮಾಡಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಚಿ. ಉದಯಶಂಕರ್ ತೀರಿಕೊಂಡದ್ದು 1993ರಲ್ಲಿ, ಅಂದರೆ ಅವರ ಸಾಲುಗಳ ಹಕ್ಕು 2053ರ ಕೊನೆಯವರೆಗೆ ಇದೆ. ತಟ್ಟೆ ಎಷ್ಟೇ ಹಳೆಯದಾಗಿರಲಿ, ಒಳಗಿನ ಸಾಹಿತ್ಯ ಇನ್ನೂ ಒಬ್ಬರ ಸ್ವತ್ತಾಗಿರಬಹುದು. ಮನೆಯವರ ದನಿಯ ಮುದ್ರಣಗಳನ್ನು ಹಂಚುವುದಾದರೂ ಹಾಡಿದವರನ್ನೋ ಅವರ ಮಕ್ಕಳನ್ನೋ ಒಂದು ಮಾತು ಕೇಳಿ.

ಮುದ್ರಿಸಿದ ಮೇಲೆ ಕ್ಯಾಸೆಟ್ಟುಗಳನ್ನು ಎಸೆಯಬೇಡಿ. ಮುಂದೆ ಇನ್ನೂ ಒಳ್ಳೆಯ ಯಂತ್ರ ಸಿಕ್ಕಾಗ ಮತ್ತೊಮ್ಮೆ ಮುದ್ರಿಸಬಹುದು. ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓಡಿಸಿ, ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಮಲಗಿಸಬೇಡಿ. ಸ್ಪೀಕರ್ ಪಕ್ಕ ಬೇಡ, ಅದರೊಳಗೆ ಅಯಸ್ಕಾಂತ ಇರುತ್ತದೆ. ತೇವ ಜಾಸ್ತಿ ಇರುವ ಊರಿನವರು ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ. ಮಳೆಗಾಲ ಮುಗಿದ ಮೇಲೆ ಅವನ್ನು ಬದಲಿಸಿ.